ಡಾಟ್ಸನ್ನಿನ ನಿಶ್ಚಿತಾರ್ಥ

ತಳೇಗಾಂವ ದಾಭಾಡೆ,
೧೬ ನವೆಂಬರ್ ೨೦೦೩

ಹುಬ್ಬಳ್ಳಿ ಲಾಡ್ಜ್ ಸಂಸ್ಥಾನದ ಕಿರಿಯ ಮಹಾರಾಣಿಯೂ ನನ್ನ ಏಕಮಾತ್ರ ಅಕ್ಕನೂ ಆದ ಸೌಭಾಗ್ಯವತಿ ಅಪೇಕ್ಷಾದೇವಿಯವರ ದಿವ್ಯ ಸನ್ನಿಧಿಗೆ, ಹಳೆಯ ಹೈವೇ ಬದಿಯ ಖಾಲಿ ಹೋಟೆಲಿನಿಂದ ತಮ್ಮ ಸುಖೇಶ ಮಾಡುವ ದೀರ್ಘದಂಡ ನಮಸ್ಕಾರಗಳು.

ಚೌತಿಗೆ ಬರೆಯುತ್ತೇನೆ ಎಂದು ಮಾತು ಕೊಟ್ಟವನು, ದೀಪಾವಳಿಯ ಪಟಾಕಿ ಕಸವನ್ನೂ ಗುಡಿಸಿಯಾದ ಮೇಲೆ ಪೆನ್ನು ಹಿಡಿದಿದ್ದೇನೆ. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು. ಆದರೆ ನೀನು ಇದೇ ಹೋಟೆಲಿನ ಗಲ್ಲಾದ ಹಿಂದೆ ಬೆಳೆದವಳು, ನಂಬುವುದಿಲ್ಲ. ಎಕ್ಸ್‌ಪ್ರೆಸ್ ಹೈವೇ ಆದ ಮೇಲೆ ಲಾರಿಗಳೆಲ್ಲ ಅತ್ತ ತಿರುಗಿಕೊಂಡವು. ನಮ್ಮಲ್ಲಿಗೆ ಈಗ ಬರುವವರು ದಾರಿ ತಪ್ಪಿದವರು, ಇಲ್ಲವೇ ದಾರಿ ಕೇಳುವವರು. ಇಬ್ಬರೂ ನೀರು ಕುಡಿದು ಹೋಗುತ್ತಾರೆ. ಅಪ್ಪ ಈಗಲೂ ನಸುಕಿಗೇ ಎದ್ದು ಸಾಂಬಾರಿನ ಉಪ್ಪು ನೋಡಿ, ಊದುಬತ್ತಿ ಹಚ್ಚಿ, ಗಲ್ಲಾದಲ್ಲಿ ಕೂತು ರಸ್ತೆ ನೋಡುತ್ತಾರೆ. ಸಂಜೆಯ ಹೊತ್ತಿಗೆ ಇಡೀ ದಿನ ಹಿಟ್ಟು ರುಬ್ಬಿದವರಷ್ಟು ದಣಿದಿರುತ್ತಾರೆ. ಕೆಲಸವಿಲ್ಲದೆ ಕೂರುವುದರಲ್ಲಿ ಇಷ್ಟು ಸುಸ್ತಿದೆ ಎಂದು ನನಗೂ ಗೊತ್ತಿರಲಿಲ್ಲ. ನಾನು ಅದರಲ್ಲಿ ಚಿಕ್ಕಂದಿನಿಂದ ಪಳಗಿದವನಾದರೂ.

ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ನಿಮ್ಮ ಫೋನು ಇರುವುದು ಲಾಡ್ಜಿನ ಕೌಂಟರಿನಲ್ಲಿ. ಕಳೆದ ಸಲ ನಾನು ಬಾಯಿ ತೆರೆಯುವ ಮೊದಲೇ ನಿನ್ನ ಅತ್ತೆ ಪ್ರೇಮಾವತಿಯವರು “ಸಿಂಗಲ್ಲಾ, ಡಬಲ್ಲಾ?” ಎಂದು ಕೇಳಿದರು. ಆಮೇಲೆ ನೀನು ಬಂದು “ಹೂಂ, ಚೆನ್ನಾಗಿದ್ದೇನೆ, ಇಡ್ತೇನೆ” ಎಂದೆ. ರೂಮು ಕೇಳಿದ್ದರೆ ಇನ್ನೂ ಸ್ವಲ್ಪ ಹೊತ್ತು ಮಾತಾಡುತ್ತಿದ್ದೆಯೋ ಏನೋ.

ಈಗ ಮುಖ್ಯ ಸುದ್ದಿ. ಅಪ್ಪ ಆ ಡಾಟ್ಸನ್ ಕಾರನ್ನು ಮನೆಗೆ ತಂದಿದ್ದಾರೆ.

ನೆನಪಿದೆಯಲ್ಲ? ಲೋಣಾವಳದ ಪಾರ್ಸಿ ಬಂಗಲೆಯ ಹಿತ್ತಿಲಲ್ಲಿ ತಾಡಪಾಲು ಹೊದ್ದು ಮಲಗಿದ್ದ, ಎರಡೇ ಬಾಗಿಲಿನ, ಮೂತಿ ಉದ್ದದ ಜಪಾನಿ ಕಾರು. ಚಿಕ್ಕವರಿದ್ದಾಗ ಅಪ್ಪನ ಜೊತೆ ಅಲ್ಲಿಗೆ ಊಟದ ಕ್ಯಾರಿಯರ್ ಕೊಡಲು ಹೋದಾಗಲೆಲ್ಲ ನೀನು ಆ ತಾಡಪಾಲಿನೊಳಗೆ ತೂರಿಕೊಂಡು ಸ್ಟಿಯರಿಂಗ್ ಹಿಡಿದು ಕೂರುತ್ತಿದ್ದೆ. ನನ್ನನ್ನು ಹೊರಗೆ ಹಾವು ಕಾಯಲು ನಿಲ್ಲಿಸುತ್ತಿದ್ದೆ. ಬಂಗಲೆ ಕೈ ಬದಲಾಯಿತಂತೆ. ಹೊಸಬರು ಈ ತಗಡನ್ನು ಹೊತ್ತುಕೊಂಡು ಹೋಗಿ ಎಂದರಂತೆ. ಟೆಂಪೋದಲ್ಲಿ ಬಂದಿಳಿದಾಗ ಅದರ ಹಿಂದಿನ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. ಅಮ್ಮ ಸೊಂಟಕ್ಕೆ ಕೈಯಿಟ್ಟುಕೊಂಡು ಸುತ್ತು ಬಂದಳು.

“ಇದು ಯಾರಿಗೆ?”

“ಅಪೇಕ್ಷಾಳಿಗೆ,” ಎಂದರು ಅಪ್ಪ.

“ಮದುವೆ ಮಾಡಿ ಕಳಿಸಿದ ಮಗಳಿಗೆ ಇದು ಎಂತಕ್ಕೆ? ಮೊಟ್ಟೆಗಾ?”

“ಜನವರಿಯಲ್ಲಿ ಘಾಟ್ ಹತ್ತುವ ಸ್ಪರ್ಧೆ ಉಂಟಲ್ಲ. ಅಷ್ಟರಲ್ಲಿ ಇದನ್ನು ಸರಿ ಮಾಡುವುದು. ಅವಳು ಒಂದೇ ಒಂದು ಸಲ ಇದನ್ನು ಮೇಲೆ ಹತ್ತಿಸಬೇಕು. ಆಮೇಲೆ ನೀನು ಕೋಳಿ ಬೇಕಾದರೆ ಸಾಕು, ಕುರಿ ಬೇಕಾದರೆ ಸಾಕು.”

ಅಮ್ಮ ಸೊಂಟದ ಮೇಲಿನ ಕೈ ಇಳಿಸಿದಳು. ಅವಳಿಗೆ ನಿನ್ನ ಬಹುಮಾನದ ಆ ಕಪ್ಪು ನೆನಪಾಗಿರಬೇಕು. ಹಿಟ್ಟು ಸಾಗಿಸುವ ಮಾರುತಿ ವ್ಯಾನಿನಲ್ಲಿ, ಇನ್ನೂ ಹುಳಿ ವಾಸನೆ ಹೊಡೆಯುತ್ತಿದ್ದ ವ್ಯಾನಿನಲ್ಲಿ, ನೀನು ಘಾಟ್ ಹತ್ತಿ ಹೆಂಗಸರ ವಿಭಾಗದಲ್ಲಿ ಮೊದಲು ಬಂದು ತಂದ ಕಪ್ಪು. ಹುಬ್ಬಳ್ಳಿಯವರು ಹೆಣ್ಣು ನೋಡಲು ಬಂದ ದಿನ ಅದು ಅಕ್ಕಿ ಡ್ರಮ್ಮಿನ ಹಿಂದೆ ಸೇರಿತು. “ಕೇಳಿದರೆ ಹೇಳುವ. ಕೇಳದಿದ್ದರೆ ನಾವಾಗಿ ಎಂತಕ್ಕೆ ಹೇಳುವುದು?” ಎಂದಿದ್ದಳು ಅಮ್ಮ. ಅವರು ನೀರುದೋಸೆ ಬರುತ್ತದಾ ಎಂದು ಕೇಳಿದರು. ಘಾಟ್ ಹತ್ತಲು ಬರುತ್ತದಾ ಎಂದು ಯಾವ ಸಂಬಂಧದವರು ಕೇಳುತ್ತಾರೆ?

ಕಾರಿನ ಜೀರ್ಣೋದ್ಧಾರಕ್ಕೆ ಅಪ್ಪ ಹಿಡಿದುಕೊಂಡು ಬಂದಿರುವ ಮಿಸ್ತ್ರಿಯ ಹೆಸರು ಅವ್ವಣ್ಣ. ಅಫಜಲಪುರದ ಕಡೆಯವನು, ಇಲ್ಲಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ಅವನ ಮಾತು ನಂಬುವುದಾದರೆ ವಿಮಾನವನ್ನೂ ರಿಪೇರಿ ಮಾಡಿದ್ದಾನೆ. ಮೊದಲ ದಿನ ಬಾನೆಟ್ ಎತ್ತಿ, ಒಳಗೆ ಬಗ್ಗಿ, ಬಹಳ ಹೊತ್ತು ನೋಡಿ, “ಇಂಜಿನ್ ಭಾಳ ಚಲೋ ಅದ ರೀ ಸಾವಕಾರ್ರ. ಸುತ್ತಲಿಂದು ಕಾರಷ್ಟ ಇಲ್ಲ ನೋಡ್ರಿ,” ಎಂದ. ಮರುದಿನ ಅದೇ ಇಂಜಿನ್ ಬಿಚ್ಚಿ, “ಕಾರ್ ಚಲೋ ಅದ ರೀ, ಇಂಜಿನ್ನ ಹೋಗ್ಯದ,” ಎಂದ. ಅವನ ಹೆಂಡತಿ ಸಾಬವ್ವ ಮಧ್ಯಾಹ್ನ ರೊಟ್ಟಿ ತಂದವಳು, “ಯಪ್ಪಾ, ಇವನ ಕೈಯಾಗ ಕೊಟ್ರೇನ್ರಿ? ಮನಿ ಸ್ಟೋ ಬಿಚ್ಚಿಟ್ಟು ಹಬ್ಬ ಹೋತು, ನಾ ಇನ್ನಾ ಮೂರು ಕಲ್ಲ ಮ್ಯಾಲ ಅಡಗಿ ಮಾಡಾಕತ್ತೀನಿ,” ಎಂದಳು. ಅವ್ವಣ್ಣ ಗಂಭೀರವಾಗಿ, “ಸ್ಟೋ ಸಣ್ಣ ಕೆಲಸ. ಅದ್ರಾಗ ನನ್ನ ಮನಸ ನಿಲ್ಲಂಗಿಲ್ಲ,” ಎಂದ.

ಆದರೂ ಕೆಲಸ ಸಾಗುತ್ತಿದೆ. ಅಪ್ಪ ಮತ್ತು ಅವನು ಭಾನುವಾರ ಭಾನುವಾರ ಪುಣೆಯ ಜುನಾ ಬಾಜಾರಿಗೆ ಹೋಗಿ ಹಳೆ ಕಬ್ಬಿಣದ ರಾಶಿಯಲ್ಲಿ ಕೈಯಾಡಿಸುತ್ತಾರೆ. ಡಾಟ್ಸನ್ನಿನ ಸಾಮಾನು ಎಲ್ಲೂ ಇಲ್ಲ. ಯಾವುದೋ ಜೀಪಿನದು, ಯಾವುದೋ ಟೆಂಪೋದ್ದು ತಂದು ಭೋಸರಿಯ ಲೇತ್ ಅಂಗಡಿಯಲ್ಲಿ ಕೆತ್ತಿಸಿ ಕೂಡಿಸುತ್ತಾರೆ. ನೆಲದ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಕಾಲಿಟ್ಟರೆ ರಸ್ತೆ ಸಿಗುತ್ತಿತ್ತು. ಅವ್ವಣ್ಣ ಹಿತ್ತಿಲಲ್ಲಿ ಬಿದ್ದಿದ್ದ ನಮ್ಮ ಹೈವೇ ಬೋರ್ಡನ್ನು ಕತ್ತರಿಸಿ ಬೆಸುಗೆ ಹಾಕಿದ. ಅಪ್ಪ ಬೇಡ ಎನ್ನಲಿಲ್ಲ. “ಅದನ್ನು ಓದುವವರು ಈಗ ಯಾರಿದ್ದಾರೆ?” ಎಂದರು. ಹಾಗಾಗಿ ನೀನು ಬ್ರೇಕ್ ತುಳಿಯುವಾಗ ನಿನ್ನ ಪಾದದ ಕೆಳಗೆ ಮರಾಠಿಯಲ್ಲಿ ‘ಶುದ್ಧ ಶಾಕಾಹಾರಿ’ ಎಂದು ಇರುತ್ತದೆ. ಆ ಕೋಳಿಗೆ ಇದರಿಂದ ಧೈರ್ಯ ಬಂದಿದೆ.

ಮೊನ್ನೆ ಸೀಟು ಕೂಡಿಸಿದರು. ಭಾರ ಕಡಿಮೆಯಾಗಲೆಂದು ಹಿಂದೆ ಮುಂದೆ ಜರುಗುವ ಹಳಿಯನ್ನು ಕಿತ್ತು, ಸೀಟನ್ನು ಒಂದೇ ಕಡೆ ಬೆಸೆಯಬೇಕು. ನಿನ್ನ ಅಳತೆ ಬೇಕು. ನೀನು ಹುಬ್ಬಳ್ಳಿಯಲ್ಲಿ. ಅಪ್ಪ ಅಡುಗೆಮನೆಗೆ ಹೋಗಿ ಅಮ್ಮನನ್ನು ಕರೆತಂದರು.

“ಕೂತುಕೋ.”

“ಎಂತ ಮರ್ಲು ನಿಮಗೆ? ಸಾರು ಕುದೀತಾ ಉಂಟು.”

“ನೀನೂ ಅವಳೂ ಒಂದೇ ಎತ್ತರ ಅಲ್ವಾ? ಕಾಲು ಚಾಚು. ಆ ಎಡಗಡೆಯದ್ದು ಕ್ಲಚ್, ಅದನ್ನು ಪೂರ್ತಿ ಒತ್ತು.”

ಅಮ್ಮ ಸೀರೆ ನೆರಿಗೆ ಒತ್ತಿಕೊಂಡು, ಕೈಯಲ್ಲಿ ಸೌಟು ಹಿಡಿದೇ ಕೂತಳು. ಅವ್ವಣ್ಣ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಅಮ್ಮ ಇಳಿಯಲಿಲ್ಲ. ಸ್ಟಿಯರಿಂಗನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ತಿರುಗಿಸಿ, “ಇಷ್ಟು ಗಟ್ಟಿ ಉಂಟಾ? ಅವಳ ಕೈ ನೋಯುದಿಲ್ವಾ?” ಎಂದಳು. ಆಮೇಲೆ ಸಾರು ಹೊತ್ತಿದ ವಾಸನೆ ಬಂತು.

ಇನ್ನು ರಾಜತಾಂತ್ರಿಕ ವಿಷಯ. ನಿನ್ನನ್ನು ಕರೆಸುವುದು ಹೇಗೆ? ಅಪ್ಪ ಕೇಳುವುದಿಲ್ಲ. “ಕೊಟ್ಟ ಮನೆಯಲ್ಲಿ ಹೋಗಿ, ನನ್ನ ಮಗಳನ್ನು ಕಳಿಸಿ, ಕಾರು ಓಡಿಸಬೇಕು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ,” ಎನ್ನುತ್ತಾರೆ. ಆದ್ದರಿಂದ ನಾನು ಮತ್ತು ಅಮ್ಮ ಸೇರಿ ಒಂದು ಉಪಾಯ ಹೂಡಿದ್ದೇವೆ. ಡಾಟ್ಸನ್ನಿನ ಪೂಜೆಗೆ ಮದುವೆಯ ಕಾಗದದಂತೆಯೇ ಕಾಗದ ಅಚ್ಚು ಹಾಕಿಸುತ್ತೇವೆ: ‘ನಮ್ಮ ಮನೆಯಲ್ಲಿ ನಡೆಯಲಿರುವ ಮಂಗಳ ಕಾರ್ಯಕ್ಕೆ ತಾವು ಸಕುಟುಂಬ ಸಪರಿವಾರರಾಗಿ ಬಂದು’ ಇತ್ಯಾದಿ. ನಾಲ್ಕು ಮೂಲೆಗೆ ಅರಿಸಿನ ಕುಂಕುಮ, ಜೊತೆಗೆ ತೆಂಗಿನಕಾಯಿ. ಸಂಕ್ರಾಂತಿ ಕಳೆದ ಕೂಡಲೇ ನಾವೇ ಹುಬ್ಬಳ್ಳಿಗೆ ಹೊತ್ತು ತರುತ್ತೇವೆ. ಕುಂಕುಮ ಹಚ್ಚಿದ ಕಾಗದ ಮನೆ ಬಾಗಿಲಿಗೆ ಬಂದರೆ ಯಾವ ಅತ್ತೆಯೂ ಸೊಸೆಯನ್ನು ತವರಿಗೆ ಕಳಿಸುವುದಿಲ್ಲ ಎನ್ನುವಂತಿಲ್ಲ. ಶನಿವಾರ ಪೂಜೆ, ಭಾನುವಾರ ಸ್ಪರ್ಧೆ. ಪೂಜೆಗೆ ಬಂದವಳು ಒಂದು ದಿನ ನಿಂತರೆ ಯಾರು ಕೇಳುತ್ತಾರೆ? ಸ್ಪರ್ಧೆ ನಡೆಸುವ ಕ್ಲಬ್ಬಿನಲ್ಲಿ ನಿನ್ನ ಹೆಸರು ಕೊಟ್ಟಾಗಿದೆ.

ನಿನ್ನ ಕೆಲಸ ಇಷ್ಟೆ: ನಾವು ಬಂದಾಗ ನಗಬೇಡ. ಕ್ಯಾನ್ವಾಸ್ ಬೂಟನ್ನು ಸೀರೆಯ ಅಡಿಯಲ್ಲಿ ಬ್ಯಾಗಿಗೆ ಹಾಕಿಕೋ.

ಅಪ್ಪ ಅಮ್ಮನ ಆಶೀರ್ವಾದ ನಿನಗೂ ಭಾವನಿಗೂ. ಅವ್ವಣ್ಣನದೂ ಇದೆ, ಅದನ್ನು ಮಾತ್ರ ಪೂರ್ತಿ ನಂಬಬೇಡ.

ನಿನ್ನ ಪಾದಧೂಳಿ,
ಸುಖೇಶ

---

ತಳೇಗಾಂವ ದಾಭಾಡೆ,
೩ ಫೆಬ್ರವರಿ ೨೦೦೪

ಪ್ರೀತಿಯ ಅಕ್ಕ,

ತಡವಾಯಿತು. ಬರೆಯಲು ಕೂತಾಗಲೆಲ್ಲ ಬಿರುದಾವಳಿಯಿಂದ ಆರಂಭಿಸುತ್ತಿದ್ದೆ, ಮಹಾರಾಣಿ ಎನ್ನುವಲ್ಲಿಗೆ ಬಂದು ಸಾಕಾಗುತ್ತಿತ್ತು. ಇವತ್ತು ಬಿರುದು ಬಿಟ್ಟು ಬರೆಯುತ್ತೇನೆ. ನಿನ್ನ ಅತ್ತೆಯ ಮನೆಯವರು ಊರಿಗೆ ಮರಳಿ ತಮ್ಮ ಲೆಕ್ಕದಲ್ಲಿ ಎಲ್ಲ ಹೇಳಿರುತ್ತಾರೆ. ನಮ್ಮ ಕಡೆಯ ವರದಿಯೂ ನಿನ್ನ ಬಳಿ ಇರಲಿ.

ನಾವು ಕಾಗದ ಕೊಡಲು ಹುಬ್ಬಳ್ಳಿಗೆ ಬಂದ ದಿನ ನೀನು ಕಾಫಿ ಇಟ್ಟು, ನನ್ನ ಮುಖವನ್ನೂ ನೋಡದೆ ಒಳಗೆ ಹೋದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನ ಹತ್ತಿರ ನಿನ್ನನ್ನು ಬಹಳ ಹೊಗಳಿದೆ. “ನೋಡಮ್ಮ, ಎಂಥ ಅಭಿನಯ. ಕಣ್ಣು ಕೂಡ ಮಿಟುಕಿಸಲಿಲ್ಲ,” ಎಂದೆ. ಅಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಅವಳು ಸಪೂರ ಆಗಿದ್ದಾಳೆ,” ಎಂದಳು, ಅಷ್ಟೆ.

ಅವತ್ತೇ ಒಂದು ಎಡವಟ್ಟಾಗಿತ್ತು, ನಮಗೆ ತಿಳಿಯಲಿಲ್ಲ. ಏನು ಕಾರ್ಯ ಎಂದು ನಿನ್ನ ಅತ್ತೆ ಕೇಳಿದಾಗ ಅಮ್ಮ, “ಬಂದ ಮೇಲೆ ನೋಡುವಿರಂತೆ,” ಎಂದಳು. ನಾನು ನಗು ತಡೆಯಲಾಗದೆ ತಲೆ ತಗ್ಗಿಸಿ ನೆಲ ನೋಡಿದೆ. ಪ್ರಾಯಕ್ಕೆ ಬಂದ ಹುಡುಗ ತಲೆ ತಗ್ಗಿಸಿದರೆ ಜನ ಏನು ತಿಳಿಯುತ್ತಾರೆ ಎನ್ನುವುದು ನನಗೆ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ಹೋಟೆಲಿನ ಮುಂದೆ ವ್ಯಾನು ನಿಂತಿತು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಮೆಟ್ಟಿಲಿಳಿದರು. ಮೊದಲು ನಿನ್ನ ಮಾವ ಇಳಿದರು. ಆಮೇಲೆ ಅತ್ತೆ, ಭಾವ, ಭಾವನ ತಂಗಿ, ಅವಳ ಮಕ್ಕಳು, ಕುಂದಾಪುರದ ಒಬ್ಬ ದೊಡ್ಡಮ್ಮ. ಪ್ರತಿಯೊಬ್ಬರು ಇಳಿದಾಗಲೂ ಅಮ್ಮ ಮುಂದಿನವಳು ನೀನೇ ಎಂದು ಒಂದು ಹೆಜ್ಜೆ ಮುಂದೆ ಇಡುತ್ತಿದ್ದಳು. ಕಡೆಗೆ ಇಳಿದದ್ದು ಹಣ್ಣಿನ ಬುಟ್ಟಿ.

“ಹುಡುಗಿ ಎಲ್ಲಿ?” ಎಂದು ಕೇಳಿದರು ನಿನ್ನ ಅತ್ತೆ, ನಗುನಗುತ್ತಾ.

“ನಾನೂ ಅದನ್ನೇ ಕೇಳುದು. ಅಪೇಕ್ಷಾ ಎಲ್ಲಿ?” ಎಂದಳು ಅಮ್ಮ.

“ಅವಳು ಗಲ್ಲಾದಲ್ಲಿ. ಎಲ್ಲರೂ ಹೊರಟರೆ ಲಾಡ್ಜನ್ನು ಮ್ಯಾನೇಜರನ ಕೈಯಲ್ಲಿ ಬಿಟ್ಟು ಬರ್ಲಿಕ್ಕೆ ಆಗ್ತದಾ? ನೀವೆಲ್ಲ ಹೋಗಿ ಬನ್ನಿ, ನಾನು ಕೂರ್ತೇನೆ ಅಂತ ಅವಳೇ ಹೇಳಿದ್ಲು. ನಾನು ಬೇಡ ಅಂದೆ ಮಾರಾಯ್ತಿ, ನಿನ್ನ ತವರಿನ ಕಾರ್ಯ, ನೀನು ಹೋಗು ಅಂದೆ. ಕೇಳ್ಬೇಕಲ್ಲ? ಗಲ್ಲಾ ಬಿಟ್ಟು ಏಳ್ಬಾರ್ದು ಅಂತ ಅವಳ ಅಪ್ಪ ಕಲಿಸಿದ್ದಾರಂತೆ.”

ಅಪ್ಪ ಹಣ್ಣಿನ ಬುಟ್ಟಿಯನ್ನು ಕೈಗೆ ತೆಗೆದುಕೊಂಡರು. “ಹೌದು, ಕಲಿಸಿದ್ದೇನೆ,” ಎಂದರು. ಬುಟ್ಟಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತಿದ್ದರು.

ಆಮೇಲೆ ಗೊತ್ತಾಯಿತು, ಅವರೆಲ್ಲ ಬಂದದ್ದು ನನ್ನ ನಿಶ್ಚಿತಾರ್ಥಕ್ಕೆ. ಹುಡುಗಿಗೆಂದು ಹಸಿರು ರೇಷ್ಮೆ ಸೀರೆ, ಬಳೆ, ಹೂವು ಎಲ್ಲ ತಂದಿದ್ದರು. ಕುಂದಾಪುರದ ದೊಡ್ಡಮ್ಮ ನನ್ನ ಗಲ್ಲ ಹಿಡಿದು, “ಯಾವ ಊರಿನ ಹೆಣ್ಣಾ?” ಎಂದು ಕೇಳಿದರು. ನಾನು ಅಷ್ಟರಲ್ಲಿ ಸೋತುಹೋಗಿದ್ದೆ. “ಜಪಾನಿನವಳು,” ಎಂದೆ. ಅವರು ಕೈ ಹಿಂದೆಗೆದುಕೊಂಡರು. ಎಲ್ಲರನ್ನೂ ಹಿತ್ತಿಲಿಗೆ ಕರೆದೊಯ್ದೆ. ಅಲ್ಲಿ ಚೆಂಡುಹೂವಿನ ಮಾಲೆ ಹಾಕಿಕೊಂಡು, ಮೈಯೆಲ್ಲ ಕೆಂಪು ಬಣ್ಣ ಹೊಡೆಸಿಕೊಂಡು ಡಾಟ್ಸನ್ ನಿಂತಿತ್ತು. ಬಾಗಿಲ ಮೇಲೆ ಕ್ಲಬ್ಬಿನ ನಂಬರು, ಅದರ ಕೆಳಗೆ ಬಿಳಿ ಇಂಗ್ಲಿಷ್ ಅಕ್ಷರದಲ್ಲಿ ನಿನ್ನ ಹೆಸರು. ಅಪ್ಪ ಅದರ ಮುಂದೆ ಬಂದು ನಿಂತುಕೊಂಡರು. ಬೇಕೆಂದೇ ನಿಂತರೋ, ಸುಮ್ಮನೆ ನಿಂತರೋ ಹೇಳಲಾರೆ. ಹೆಸರು ಯಾರಿಗೂ ಕಾಣಲಿಲ್ಲ.

ನಿನ್ನ ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಾರನ್ನು ಮೇಲಿಂದ ಕೆಳಗೆ ನೋಡಿ, ಸೆರಗಿನಿಂದ ಬೆವರೊರೆಸಿಕೊಂಡು, “ಇಷ್ಟು ದೂರ ವ್ಯಾನಿನಲ್ಲಿ ಕೂತು ಸೊಂಟ ಹೋಯ್ತು. ಇನ್ನು ತಂದ ಸೀರೆ ವಾಪಸು ತಕೊಂಡು ಹೋಗ್ಬಾರ್ದು, ಅಪಶಕುನ,” ಎಂದು ಆ ಹಸಿರು ಸೀರೆಯನ್ನು ಬಾನೆಟ್ಟಿನ ಮೇಲೆ ಹಾಸಿದರು. ಒಳ್ಳೆಯ ಹೆಂಗಸು, ಅಕ್ಕ. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೂ ಆಗಲಿಲ್ಲ. ಅವ್ವಣ್ಣ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, “ಮದುಮಗಳು ಭಾಳ ಲಕ್ಷಣ ಅದಾಳ ರೀ,” ಎಂದ. ಹಿಂದಿನಿಂದ ಸಾಬವ್ವ, “ಇಕಿ ಸ್ಟೋಕ್ಕಿಂತ ಜಲ್ದಿ ಹತ್ತಿದ್ರ ಸಾಕು,” ಎಂದಳು. ಎಲ್ಲರೂ ನಕ್ಕರು. ಊಟ ಚೆನ್ನಾಗಿತ್ತು. ಬಹಳ ದಿನಗಳ ಮೇಲೆ ನಮ್ಮ ಹೋಟೆಲಿನಲ್ಲಿ ಎಲ್ಲ ಟೇಬಲ್ಲೂ ತುಂಬಿದವು.

ಮರುದಿನ ಘಾಟಿಗೆ ಹೋಗುವುದೋ ಬೇಡವೋ ಎಂದು ಅಪ್ಪನನ್ನು ಕೇಳಿದೆ. “ಹೆಸರು ಕೊಟ್ಟಾಗಿದೆ,” ಎಂದರು. ಹುಬ್ಬಳ್ಳಿಯವರಿಗೂ ಘಾಟ್ ನೋಡುವ ಆಸೆ. ಪವನಾ ಅಣೆಕಟ್ಟಿನ ಹಿಂದಿನ ಆ ತಿರುವುಗಳ ಬುಡಕ್ಕೆ ಎಲ್ಲರೂ ಹೋದೆವು. ನಿನಗೆ ಗೊತ್ತಿರುವ ಜಾಗ. ಚುರುಮುರಿಯವನು ಅದೇ ಮರದಡಿ ಇದ್ದ, ಅದೇ ಡಬ್ಬಿ. ದೊಡ್ಡ ದೊಡ್ಡ ಟೈರಿನ ಹೊಸ ಕಾರುಗಳು ಬಂದಿದ್ದವು. ಅವುಗಳ ನಡುವೆ ನಮ್ಮದು ಹಳೆಯ ಕಾಲದ ನಟಿಯಂತೆ ನಿಂತಿತ್ತು, ಪೂಜೆಯ ಮಾಲೆ ಬಾಗಿಲಿನ ಹೆಸರಿನ ಮೇಲೆ ಜೋತುಬಿದ್ದಿತ್ತು.

ನಾನು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದೆ: “ಅಕ್ಕನ ಹೆಲ್ಮೆಟ್ ತಂದಿದ್ದೇನೆ. ಅವಳೂ ನಾನೂ ಒಂದೇ ಗಾತ್ರ. ಹೆಲ್ಮೆಟ್ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ನಾನೇ ಅವಳ ಹೆಸರಿನಲ್ಲಿ ಹತ್ತಿಸಿ ಬರ್ತೇನೆ.”

ಜೀವಮಾನದಲ್ಲಿ ನಾನು ಯೋಚಿಸಿದ ಅತ್ಯುತ್ತಮ ಕಿತಾಪತಿ ಅದು. ಅಪ್ಪ ಹೆಲ್ಮೆಟ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಬೇಡ ಮಗಾ. ಅವಳ ಹೆಸರಿನಲ್ಲಿ ನೀನು ಸೋಲಬೇಡ.”

ಸ್ಪರ್ಧೆ ಶುರುವಾಯಿತು. ಒಂದೊಂದೇ ಕಾರು ಕಿರುಚಿಕೊಂಡು ಮೇಲೆ ಹೋಯಿತು. ನಿನ್ನ ಸರದಿ ಬಂದಾಗ ಲೌಡ್‌ಸ್ಪೀಕರಿನವನು ಮರಾಠಿಯಲ್ಲಿ, ತಳೇಗಾಂವದ ಅಪೇಕ್ಷಾ ಶೆಟ್ಟಿ, ಹಿಂದೆ ವ್ಯಾನಿನಲ್ಲಿ ಬಂದು ಹೆಂಗಸರ ಕಪ್ಪು ಗೆದ್ದವರು, ಈ ಸಲ ಡಾಟ್ಸನ್ನಿನಲ್ಲಿ, ದಯವಿಟ್ಟು ಗೆರೆಗೆ ಬರಬೇಕು, ಎಂದ. ಸ್ವಲ್ಪ ಕಾದು ಮತ್ತೆ ಕೂಗಿದ. ಅಮ್ಮ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು, ಅದು ಸರಿಯಾಗಿಯೇ ಇತ್ತು. ನನ್ನ ಪಕ್ಕದಲ್ಲಿ ಭಾವ ರಘುರಾಮ ಕಡಲೆಕಾಯಿ ಸುಲಿಯುತ್ತಾ ನಿಂತಿದ್ದರು, ಮರಾಠಿಯಲ್ಲಿ ಅವರಿಗೆ ತಿಳಿದದ್ದು ಹೆಸರೊಂದೇ.

“ಅಪೇಕ್ಷಾ ಶೆಟ್ಟಿಯಾ? ನಿಮ್ಮ ಪೈಕಿಯವರಾ?” ಎಂದು ಕೇಳಿದರು.

ಅಕ್ಕ, ಸುಳ್ಳು ಹೇಳಲು ನನಗೆ ಯಾವತ್ತೂ ತಯಾರಿ ಬೇಕಾಗಿಲ್ಲ. ಅವತ್ತು ನಿಜ ಹೇಳಲು ಬಾಯಿ ತೆರೆದೆ, ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. “ಹೌದು ಭಾವ, ನಮ್ಮ ಪೈಕಿಯವರೇ,” ಎಂದೆ. “ಬರ್ಲಿಲ್ಲ ಅಂತ ಕಾಣ್ತದೆ,” ಎಂದರು ಅವರು, ನಿಜವಾಗಿಯೂ ಬೇಸರದಿಂದ. ನನಗೂ ಕಡಲೆಕಾಯಿ ಕೊಟ್ಟರು.

ಎಲ್ಲರ ಸರದಿ ಮುಗಿದ ಮೇಲೆ ಕ್ಲಬ್ಬಿನ ಹಿರಿಯ ಸೋಹ್ರಾಬ್ ಅಂಕಲ್ ಅಪ್ಪನ ಬಳಿ ಬಂದರು. ರಸ್ತೆ ತೆರೆಯುವ ಮೊದಲು ಒಂದು ಗಾಡಿ ಕಡೆಯದಾಗಿ ಮೇಲೆ ಹೋಗಿ ದಾರಿ ಖಾಲಿ ಇದೆಯೇ ಎಂದು ನೋಡಿ ಬರಬೇಕಂತೆ. “ಸಂಕಪ್ಪಾ, ತೂ ಜಾ,” ನೀನೇ ಹೋಗು, ಎಂದು ಅಪ್ಪನಿಗೆ ಹೇಳಿದರು. ಸಮಯ ಬರೆದುಕೊಳ್ಳುವವರು ಆಗಲೇ ಕುರ್ಚಿ ಮಡಚುತ್ತಿದ್ದರು.

ಅಪ್ಪ ಕಾರಿನೊಳಗೆ ಹೋಗಲು ಪಟ್ಟ ಪಾಡು ಹೇಳಲಾರೆ. ಸೀಟು ನಿನ್ನ ಅಳತೆಗೆ ಬೆಸೆದದ್ದು. ಅವರ ಮೊಣಕಾಲು ಸ್ಟಿಯರಿಂಗಿನ ಎರಡೂ ಕಡೆ ಕಿವಿಯ ಮಟ್ಟಕ್ಕೆ ಬಂದಿದ್ದವು. ಆದರೂ ಹೊರಟರು. ಆ ಇಂಜಿನ್ನಿನ ಸದ್ದು, ಅಕ್ಕ. ಅವ್ವಣ್ಣನ ಎಲ್ಲ ಸುಳ್ಳುಗಳನ್ನೂ ಅದಕ್ಕಾಗಿ ಮನ್ನಿಸಿದೆ. ಮೊದಲ ತಿರುವಿನವರೆಗೆ ಹಿಟ್ಟಿನ ಡಬ್ಬಿ ಚೆಲ್ಲದ ಹಾಗೆ ನಿಧಾನವಾಗಿ ಹೋದರು. ಎರಡನೆಯ ತಿರುವಿನ ಆಚೆ ಕಾರು ಕಾಣಲಿಲ್ಲ, ಸದ್ದು ಮಾತ್ರ ಒಮ್ಮೆಲೇ ಏರಿತು. ಏರಿ, ಏರಿ, ಗುಡ್ಡದ ನೆತ್ತಿಯ ಕಡೆ ಹೋಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಅವ್ವಣ್ಣ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ಕೆಳಗೆ ಬಂದು ಇಳಿದಾಗ ಅಪ್ಪನಿಗೆ ಬೆನ್ನು ನೆಟ್ಟಗಾಗಲಿಲ್ಲ. ಬಾಗಿದಂತೆಯೇ ನನ್ನ ಭುಜ ಹಿಡಿದು ಹೇಳಿದರು: “ನಾಲ್ಕನೇ ತಿರುವಿನಲ್ಲಿ ಮೂರನೇ ಗೇರಿಗೆ ಹಾಕ್ಬೇಡ ಅಂತ ಅವಳಿಗೆ ಬರಿ. ಎರಡರಲ್ಲೇ ಎಳೀತದೆ. ಬ್ರೇಕ್ ಸ್ವಲ್ಪ ಎಡಕ್ಕೆ ಹೋಗ್ತದೆ, ಅದಕ್ಕೆ ಮೊದಲೇ ತಯಾರಿರಬೇಕು.”

ಬರೆದಿದ್ದೇನೆ. ತಲುಪಿಸುವ ಕೆಲಸ ನನ್ನದು.

ಉಳಿದಂತೆ ಎಲ್ಲರೂ ಆರೋಗ್ಯ. ಅಮ್ಮ ಹಸಿರು ಸೀರೆಯನ್ನು ಗಾಳಿಗೆ ಹಾಕಿ ಮಡಚಿಟ್ಟಿದ್ದಾಳೆ. ಬಾನೆಟ್ಟಿನ ಗ್ರೀಸು ತಾಗಿ ಒಂದು ಕಡೆ ಸ್ವಲ್ಪ ಕಪ್ಪಾಗಿದೆಯಂತೆ, ನೆರಿಗೆಯಲ್ಲಿ ಮುಚ್ಚಿಹೋಗುತ್ತದೆಯಂತೆ. ಅವ್ವಣ್ಣ ರಾಂಜಣಗಾಂವಕ್ಕೆ ಹೊಸ ಕೆಲಸಕ್ಕೆ ಹೋದ. ಸಾಬವ್ವ ಹೊಸ ಸ್ಟೋ ಕೊಂಡಳು. ಅಪ್ಪ ಮೊದಲಿನ ಹಾಗೆ ಗಲ್ಲಾದಲ್ಲಿ ಕೂತು ರಸ್ತೆ ನೋಡುತ್ತಾರೆ.

ಕಿರಿಯನಾದ ನಾನು ನಿನಗೆ ಆಶೀರ್ವಾದ ಮಾಡುವಂತಿಲ್ಲ, ಹಿರಿಯರದ್ದನ್ನು ಕೇಳಿ ಬರೆಯುತ್ತಿದ್ದೇನೆ. ಅಮ್ಮ ಹೇಳಿದ್ದು: ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನನ್ನು ಕೇಳಿದೆ, “ನಾಲ್ಕನೇ ತಿರುವಿನದ್ದು ಬರೆದೆಯಲ್ಲ?” ಎಂದರು. ಅವರ ಆಶೀರ್ವಾದ ಅದೇ ಎಂದು ತಿಳಿ.

ನಿನ್ನ ತಮ್ಮ,
ಸುಖೇಶ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡೇ ಮೇಲಿನದ್ದನ್ನೆಲ್ಲ ಬರೆದೆ. ಹುಬ್ಬಳ್ಳಿಯವರು ಹೊರಡುವಾಗ ಅಪ್ಪನಿಗೆ ತಡೆಯಲಾಗಲಿಲ್ಲ. ವ್ಯಾನಿನ ಕಿಟಕಿಗೆ ಬಗ್ಗಿ ಭಾವನಿಗೆ ಹೇಳಿಯೇಬಿಟ್ಟರು: “ಆ ಅಪೇಕ್ಷಾ ಶೆಟ್ಟಿ ಬೇರೆ ಯಾರೂ ಅಲ್ಲ. ನಿಮ್ಮ ಹೆಂಡತಿಯೇ. ಈ ಘಾಟಿನಲ್ಲಿ ಅವಳಷ್ಟು ಚಂದ ಓಡಿಸಿದವರನ್ನು ನಾನು ನೋಡ್ಲಿಲ್ಲ.” ಭಾವ ಜೋರಾಗಿ ನಕ್ಕರು. ನನ್ನ ಕಡೆ ಬೆರಳು ತೋರಿಸಿ, “ಮಾವ, ಇವನ ತಮಾಷೆ ನಿಮಗೂ ಅಂಟಿತಾ?” ಎಂದರು. “ಅವಳು ನನ್ನ ಸ್ಕೂಟರಿನ ಹಿಂದೆ ಕೂತರೂ ಕಣ್ಣು ಮುಚ್ಚಿಕೊಳ್ತಾಳೆ. ಸ್ವಲ್ಪ ಬೇಗ ಹೋದ್ರೆ ಅಂಗಿ ಹಿಡಿದು, ಹೆದರಿಕೆ ಆಗ್ತದೆ, ನಿಧಾನ ಹೋಗಿ ಅಂತಾಳೆ.” ಅವರು ಪ್ರೀತಿಯಿಂದಲೇ ಹೇಳಿದ್ದು, ಅಕ್ಕ. ವ್ಯಾನು ಹೋದ ಮೇಲೆ ಅಪ್ಪ ರಸ್ತೆಯಲ್ಲೇ ನಿಂತಿದ್ದರು. “ಹೆದರುತ್ತಾಳಂತಾ?” ಎಂದು ನನ್ನನ್ನು ಕೇಳಿದರು. ನಟನೆ ಅಪ್ಪ, ಎಂದೆ. ನಾನು ಹೇಳಿದರೆ ಯಾರು ನಂಬುತ್ತಾರೆ? ನೀನೇ ಒಂದು ಸಾಲು ಬರೆ, ಅದು ನಟನೆ ಎಂದು. ನಿಜವಾಗಿ ಹೆದರುತ್ತಿದ್ದರೂ ನಟನೆ ಎಂದೇ ಬರೆ. ಅಪ್ಪನಿಗೆ ತೋರಿಸಬೇಕು.